ಕಣದ ಮೇಲಿನ ಮೊದಲ ಚೆಂಡು

ಹಸಿ ಎರೆಮಣ್ಣಿನ ಮೇಲೆ ಸಗಣಿ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಹೊಲ ಕಂಡು ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಕಾಣದವರಿಗೆ ಹೇಳಿ ಉಪಯೋಗವಿಲ್ಲ. ಈ ಸಲದ ಸುಗ್ಗಿಯಲ್ಲಿ ಮುದ್ದೇಬಿಹಾಳದ ನನ್ನ ಕಾಲೇಜಿನ ಹುಡುಗಿಯರನ್ನು ಕ್ರೂಸರ್ ಗಾಡಿಯಲ್ಲಿ ತುಂಬಿಕೊಂಡು ಇಂಡಿಗೆ ಬೇಸ್‌ಬಾಲ್ ಆಡಿಸಲು ಹೊರಟಿದ್ದೆ. ಬಸವನ ಬಾಗೇವಾಡಿ ದಾಟಿದ ಮೇಲೆ ಡ್ರೈವರ್ ಚಹಾಕ್ಕೆಂದು ಗಾಡಿ ನಿಲ್ಲಿಸಿದ. ರಸ್ತೆಯ ಪಕ್ಕದ ಹೊಲದಲ್ಲಿ ಗಂಡ ಹೆಂಡತಿ ಇಬ್ಬರು ಕಡಲೆ ಬಡಿಯಲು ಸಣ್ಣದೊಂದು ಕಣ ಮಾಡುತ್ತಿದ್ದರು. ಆಕೆ ಸಗಣಿ ನೀರು ಚೆಲ್ಲಿ ಕಸಬರಿಗೆಯಿಂದ ಬಳಿಯುತ್ತಿದ್ದಳು, ಆತ ಸಣ್ಣ ಕಲ್ಲುಗಳನ್ನು ಆಯ್ದು ಬೀಸಾಕುತ್ತಿದ್ದ. ಗಾಳಿ ನಮ್ಮ ಕಡೆ ತಿರುಗಿತು. ನಾನು ಚಹಾದ ಕಪ್ಪನ್ನು ಗಾಡಿಯ ಬಾನೆಟ್ಟಿನ ಮೇಲಿಟ್ಟು ಬೂಟಿನ ಲೇಸು ಬಿಚ್ಚಲು ಬಗ್ಗಿದೆ. ಆ ಹೊಲದೊಳಗೆ ಕಾಲಿಡುವ ಕೆಲಸವೇ ನನಗಿರಲಿಲ್ಲ, ಆದರೂ ಕೈ ತಾನಾಗಿ ಲೇಸಿಗೆ ಹೋಗಿತ್ತು.

"ಮೇಡಂ, ಬೂಟ್ ಯಾಕ ಬಿಚ್ಚಾಕತ್ತೀರಿ?" ಎಂದು ಒಬ್ಬಳು ಕೇಳಿದಳು.

ನಗು ಬಂತು. ಇಂಡಿಯಲ್ಲಿ ಕಳೆದ ಒಂದು ಸುಗ್ಗಿ, ನಮ್ಮ ಮಾವನವರು, ರೇಣುಕಾ, ಕಸ್ತೂರಿ, ಎಲ್ಲರೂ ಆ ಗಾಳಿಯಲ್ಲಿ ಬಂದು ಎದುರಿಗೆ ನಿಂತರು.

ಆಗ ನಾನು ಇಂಡಿಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಕ್ರೀಡಾ ಶಿಕ್ಷಕಿ. ಸೇರಿದ ಹೊಸದರಲ್ಲಿ ಸ್ಟೋರ್ ರೂಮಿನ ಮೂಲೆಯಲ್ಲಿ ಒಂದು ಪೆಟ್ಟಿಗೆ ಸಿಕ್ಕಿತ್ತು. ಯಾರೋ ಯಾವಾಗಲೋ ಕಳಿಸಿದ್ದ ಬೇಸ್‌ಬಾಲ್ ಸಾಮಾನು: ಅಗಲ ಗ್ಲೌಸು, ದುಂಡು ಬ್ಯಾಟು, ಕೆಂಪು ಹೊಲಿಗೆಯ ಬಿಳಿ ಚೆಂಡು. ಖೋಖೋ, ಕಬಡ್ಡಿಗೆ ಊರೂರಿಗೂ ತಂಡಗಳಿದ್ದವು. ಬೇಸ್‌ಬಾಲಿಗೆ ನಮ್ಮ ಸುತ್ತಿನಲ್ಲಿ ಇದ್ದದ್ದು ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಇಷ್ಟೇ. ನಾವು ಸೇರಿದರೆ ನಾಲ್ಕು. ನಾಲ್ಕರಲ್ಲಿ ಒಂದನೆಯದಾಗುವುದು ಏನು ಮಹಾ ಎಂದುಕೊಂಡು ಶುರು ಮಾಡಿದೆ. ನಾಲ್ಕರಲ್ಲಿ ನಾಲ್ಕನೆಯದಾಗುವುದು ಅದಕ್ಕಿಂತ ಸುಲಭ ಎಂದು ಆಮೇಲೆ ತಿಳಿಯಿತು.

ಈ ಆಟದ ಜೀವ ಇರುವುದು ಪಿಚರ್ ಕೈಯಲ್ಲಿ. ಆಕೆ ಮೈದಾನದ ನಡುವೆ ಮಣ್ಣಿನ ದಿಬ್ಬದ ಮೇಲೆ ನಿಂತು ಎದುರಿನ ಬ್ಯಾಟಿನವಳಿಗೆ ಚೆಂಡು ಎಸೆಯುತ್ತಾಳೆ. ಆ ಬ್ಯಾಟಿನವಳ ಹಿಂದೆ ಕುಕ್ಕರುಗಾಲಲ್ಲಿ ಕೂತು ಹಿಡಿಯುವವಳು ಕ್ಯಾಚರ್. ಕ್ರಿಕೆಟ್ಟಿನ ಹಾಗೆ ಓವರಿಗೊಬ್ಬರು ಎಸೆಯುವುದಿಲ್ಲ. ದಿಬ್ಬ ಹತ್ತಿದವಳ ಕೈ ಸೋಲುವ ತನಕ ಅವಳೇ, ಇಳಿಸಿದರೆ ಆ ಪಂದ್ಯದಲ್ಲಿ ಅವಳ ಎಸೆತ ಮುಗಿದಂತೆ. ಹೀಗಾಗಿ ಪ್ರತಿ ವರ್ಷ ಆಟ ಶುರುವಾಗುವ ಮೊದಲು ನನ್ನ ತಲೆ ತಿನ್ನುತ್ತಿದ್ದುದು ಒಂದೇ ಪ್ರಶ್ನೆ: ಮೊದಲು ದಿಬ್ಬ ಹತ್ತುವವಳು ಯಾರು?

ಆ ವರ್ಷ ಮಾತ್ರ ಅದು ಪ್ರಶ್ನೆಯೇ ಆಗಿರಲಿಲ್ಲ. ತಾಂಬಾದ ರೇಣುಕಾ ಕೊನೆಯ ವರ್ಷದ ಡಿಗ್ರಿಯಲ್ಲಿದ್ದಳು. ಎತ್ತರದ ಹುಡುಗಿ, ಮಾತು ಕಡಿಮೆ, ಕೈ ಜೋರು. ಎರಡು ವರ್ಷ ಹಿರಿಯರ ಹಿಂದೆ ಕಾದಿದ್ದಳು. "ಕುಂತು ಕುಂತು ಬೆಂಚಿಗೇ ತಗ್ಗು ಬಿತ್ರಿ ಮೇಡಂ" ಎಂದು ನಗುತ್ತಿದ್ದಳು. ಹಿರಿಯರು ಹೋಗಿ ಅವಳ ಸರದಿ ಬಂದಿತ್ತು. ಕೊರೊನಾದಿಂದ ಕಾಲೇಜಿನ ತಾರೀಖುಗಳೆಲ್ಲ ಹಿಂದುಮುಂದಾಗಿ, ಪಂದ್ಯಾವಳಿ ಯುಗಾದಿಯ ಹತ್ತಿರಕ್ಕೆ ಬಾಗೇವಾಡಿಯಲ್ಲಿ ಎಂದು ಗೊತ್ತಾಯಿತು. ಎಳ್ಳ ಅಮಾವಾಸ್ಯೆ ಆಗಷ್ಟೇ ಕಳೆದಿತ್ತು, ಜೋಳ ಹಾಲು ತುಂಬಿ ನಿಂತಿತ್ತು. ಕೈಯಲ್ಲಿ ಬೇಕಾದಷ್ಟು ಸಮಯವಿತ್ತು. ಇಲ್ಲದ್ದು ದಿಬ್ಬ ಒಂದೇ.

ನಾವು ಸಪಾಟು ನೆಲದಲ್ಲಿ ಎಸೆದು ಕಲಿತು, ಪಂದ್ಯದಲ್ಲಿ ದಿಬ್ಬ ಕಂಡೊಡನೆ ಎಡವುತ್ತಿದ್ದೆವು. ಒಂದು ಸಂಜೆ ಊಟದ ಹೊತ್ತಿಗೆ ಇದನ್ನೇ ಮನೆಯಲ್ಲಿ ಹೇಳಿಕೊಂಡೆ. ನಮ್ಮ ಮಾವನವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಊರ ಹೊರಗೆ ಹೊಲವೂ ಇತ್ತು. ನೆಂಟರ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ. ಸಿಟ್ಟು ಬಂದರೆ ಯಾರ ಜೊತೆಯಾದರೂ ಕನ್ನಡವೇ. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ, ಗೋಪೀಚಂದನ ಮುಗಿಸಿದರೆಂದರೆ ಆಮೇಲೆ ದಿನವೆಲ್ಲ ಯಾರನ್ನು ತಿದ್ದೋಣ ಎಂದು ಹುಡುಕುತ್ತಿದ್ದರು. ಗಂಡ ಕರೆಯುವ ಹಾಗೆ ನಾನೂ ಅವರನ್ನು ಅಪ್ಪಾ ಎನ್ನುತ್ತಿದ್ದೆ.

"ದಿಬ್ಬದ ಮಣ್ಣು ಹ್ಯಾಂಗಿರಬೇಕು?" ಎಂದು ಕೇಳಿದರು.

"ಗಟ್ಟಿ ಇರಬೇಕಪ್ಪಾ. ಧೂಳು ಏಳಬಾರದು, ಬಿರುಕು ಬಿಡಬಾರದು, ಕಾಲು ಜಾರಬಾರದು."

"ಕಣ ಅನ್ನು ಹಂಗಾರ. ಇಷ್ಟ್ಯಾಕ ಸುತ್ತಿ ಬಳಸಿ ಹೇಳ್ತೀ?"

ನಮ್ಮ ಹೊಲದಲ್ಲಿ ಕಣ ಮಾಡುವುದು ನಿಂತು ವರ್ಷಗಳಾಗಿದ್ದವು. ಮಷೀನು ಬರುತ್ತದೆ, ತಾಡಪತ್ರಿ ಹಾಸುತ್ತಾರೆ, ಊಟ ಮುಗಿಸಿ ಬರುವುದರೊಳಗೆ ಜೋಳ ಚೀಲದಲ್ಲಿರುತ್ತದೆ. ಮಾವ ಅದನ್ನು ಬೈಯುತ್ತಲೂ ಇರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ಸುಗ್ಗಿ ಬಂದಾಗ ಸುಮ್ಮನೆ ಹೊಲಕ್ಕೆ ಹೋಗಿ ಸುಮ್ಮನೆ ಬರುತ್ತಿದ್ದರು, ಅಷ್ಟೇ. ಮರುದಿನ ಮಾತ್ರ ಅವರ ಹುರುಪು ನೋಡಬೇಕಿತ್ತು. ಹೊಲದ ಮೂಲೆಯಲ್ಲಿ ಬೇಲಿ ಬಳ್ಳಿ ಹಬ್ಬಿ ಬಿದ್ದಿದ್ದ ರೋಣಗಲ್ಲನ್ನು, ಅಂದರೆ ತೆನೆ ತುಳಿಸಲು ಉರುಳಿಸುತ್ತಿದ್ದ ಕಲ್ಲಿನ ರೋಲರನ್ನು, ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಕಾಲೇಜಿನ ಮೈದಾನಕ್ಕೆ ಬಂದರು. ಎರೆಮಣ್ಣು, ಗರಸಿನ ಕಲ್ಲುಮಣ್ಣು, ನೀರು. ಹುಡುಗಿಯರೆಲ್ಲ ಸೀರಿಯಸ್ಸಾಗಿ ಮಣ್ಣು ತುಳಿದರು, ಹಗ್ಗ ಕಟ್ಟಿ ಕಲ್ಲು ಎಳೆದರು. ಕೊಲ್ಹಾರದ ರೇಷ್ಮಾ ನಮ್ಮ ಕ್ಯಾಚರ್, ಬಾಯಿಗೆ ಬಿಡುವಿಲ್ಲದವಳು. "ಎತ್ತಿನ ಕೆಲಸ ನಮ್ಮ ಕಡಿಂದ ಮಾಡಸಾಕತ್ತಾರ ಅಜ್ಜಾರು" ಎಂದಳು. "ಎತ್ತು ಇಷ್ಟು ಮಾತಾಡ್ತಿದ್ದಿಲ್ಲವಾ" ಎಂದರು ಮಾವ. ಕೊನೆಗೆ ಸಗಣಿ ಬಳಿದರು. ಒಣಗಿದ ಮೇಲೆ ಆ ದಿಬ್ಬ ಅಂಗೈಯಷ್ಟು ನುಣುಪಾಗಿ, ಬೆಳಗಿನ ಬಿಸಿಲಿಗೆ ಹಸಿರು ಬೂದು ಬಣ್ಣದಲ್ಲಿ ನಿಂತಿತು. ನಾಲ್ಕೂ ಊರಿನಲ್ಲಿ ಅಂಥದ್ದು ಇರಲಿಲ್ಲ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ.

ಮೊದಲ ದಿನ ಒಬ್ಬಳು ಬೂಟು ಹಾಕಿಕೊಂಡು ಹತ್ತಲು ಹೋದಳು. "ಏ ಹುಡುಗಿ! ಕಣದಾಗ ಕೆರ ಹಾಕ್ಕೊಂಡು ಹೋಗ್ತಾರೇನು?" ಎಂದು ಮಾವ ಗದರಿದರು. ಆಕೆ ನಾಲಿಗೆ ಕಚ್ಚಿಕೊಂಡು ಬೂಟು ಕಳಚಿ ಕೆಳಗಿಟ್ಟಳು. ಯಾರಿಗೂ ಅದು ವಿಚಿತ್ರ ಎನಿಸಲಿಲ್ಲ. ಎಲ್ಲರೂ ಹೊಲ ಕಂಡು ಬೆಳೆದ ಮಕ್ಕಳು. ಕಣಕ್ಕೆ ಕೆರ ಹಾಕಿಕೊಂಡು ಹೋಗಬಾರದು ಎನ್ನುವುದು ಅವರಿಗೆ ಹೊಸದಾಗಿ ಕಲಿಸುವ ಮಾತಾಗಿರಲಿಲ್ಲ. ಅಂದಿನಿಂದ ದಿಬ್ಬದ ಬುಡದಲ್ಲಿ ಒಂದು ಜೊತೆ ಬೂಟು ಯಾವಾಗಲೂ ಕಾಯುತ್ತ ಇರುತ್ತಿತ್ತು.

ಮಾವ ಬೆಳಿಗ್ಗೆ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಎಸೆದ ಚೆಂಡು ಎಣಿಸುವ ಕೆಲಸ ತಾವೇ ಮೈಮೇಲೆ ಹಾಕಿಕೊಂಡರು. ಮೊದಲ ಚೆಂಡಿಗೆ ಅವರು ಒಂದು ಎನ್ನುತ್ತಿರಲಿಲ್ಲ. "ಲಾಭ" ಎನ್ನುತ್ತಿದ್ದರು. ಆಮೇಲೆ ಎರಡು, ಮೂರು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಸೇರಿಗೆ ನಮ್ಮ ಕಡೆ ಹಾಗೆಯೇ ಅನ್ನುತ್ತಾರೆ. ಗಣಿತದ ಮಾಸ್ತರರು ಒಂದನ್ನು ಬಿಟ್ಟು ಎಣಿಸುವುದು ನೋಡಿ ನಾನು ಚೇಷ್ಟೆ ಮಾಡಿದರೆ, "ಗಣಿತ ಸಾಲ್ಯಾಗ. ಇದು ಕಣ" ಎನ್ನುತ್ತಿದ್ದರು.

ಕಸ್ತೂರಿಯನ್ನು ಕರೆತಂದವಳು ರೇಣುಕಾಳೇ. ಹಾಸ್ಟೆಲಿನಲ್ಲಿ ಅವಳ ಕೋಣೆಗೆ ಯಂಕಂಚಿಯಿಂದ ಒಬ್ಬ ಹೊಸ ಹುಡುಗಿ ಬಂದಿದ್ದಳು, ಮೊದಲ ವರ್ಷದವಳು. ಹಕ್ಕಿ ಕಾಯಲಿಕ್ಕೆಂದು ಊರಿಗೆ ಹೋದವಳು ಜೋಳ ಬಲಿಯುವ ತನಕ ತಿರುಗಿ ಬಂದಿರಲಿಲ್ಲ. ಹೊಲದಲ್ಲಿ ಕಟ್ಟಿದ ಅಟ್ಟದ ಮೇಲೆ ನಿಂತು ಕವಣೆ ಬೀಸುವುದು, ಕವಣೆ ಇಲ್ಲದಿದ್ದರೆ ಕೈಯಿಂದಲೇ ಕಲ್ಲು ಒಗೆಯುವುದು, ಇದು ಚಿಕ್ಕಂದಿನಿಂದ ಅವಳ ಪಾಲಿನ ಕೆಲಸ. ಮರಳಿ ಬಂದ ದಿನವೇ ರೇಣುಕಾ ಅವಳ ಕೈಗೆ ಚೆಂಡು ಕೊಟ್ಟು ದಿಬ್ಬ ಹತ್ತಿಸಿದಳು. ಕಸ್ತೂರಿ ಚಪ್ಪಲಿ ಬಿಟ್ಟು, ಕಾಲಿನ ಹೆಬ್ಬೆರಳು ಊರಿ, ಒಮ್ಮೆ ಹಿಂದಕ್ಕೆ ಬಾಗಿ ಎಸೆದಳು. ಚೆಂಡು ಕಣ್ಣಿಗೆ ಕಾಣಲಿಲ್ಲ, ರೇಷ್ಮಾಳ ಗ್ಲೌಸಿನ ಸದ್ದು ಮಾತ್ರ ಕೇಳಿತು. ರೇಷ್ಮಾ ಗ್ಲೌಸು ಬಿಚ್ಚಿ ಕೆಂಪಾದ ಅಂಗೈ ಊದಿಕೊಳ್ಳುತ್ತ, "ಯವ್ವಾ, ಇದು ಚೆಂಡ ಅಲ್ಲ್ರಿ ಮೇಡಂ" ಎಂದಳು. ಮಾವ ಎಣಿಸುವುದನ್ನೇ ಮರೆತಿದ್ದರು.

ನಾನು ರೇಣುಕಾಳ ಮುಖ ನೋಡಿದೆ. ಹೊಟ್ಟೆಕಿಚ್ಚು ಹುಡುಕಿದೆ ಎಂದೇ ಹೇಳಬೇಕು. ಅಲ್ಲಿ ಅದು ಇರಲಿಲ್ಲ. "ಹೇಳಿದ್ನಿಲ್ರಿ?" ಎನ್ನುವ ಹೆಮ್ಮೆ ಇತ್ತು, ಅದರ ಹಿಂದೆ ಇನ್ನೇನೋ ಒಂದು ಇತ್ತು. ಅದೇನೆಂದು ಆಗ ತಿಳಿಯಲಿಲ್ಲ.

ತಿಳಿದದ್ದು ಮಾಘದ ಚಳಿ ಇಳಿಯುವ ಹೊತ್ತಿಗೆ. ಬೆಳಿಗ್ಗೆ ಹಾಸ್ಟೆಲಿಗೆ ಹೋದಾಗಲೆಲ್ಲ ಕಸ್ತೂರಿ ರೇಣುಕಾಳಿಗೆ ಜಡೆ ಹಾಕುತ್ತಿರುವುದು ಕಾಣುತ್ತಿತ್ತು. ಅಕ್ಕತಂಗಿಯರ ಹಾಗೆ ಆಗಿದ್ದಾರೆ ಎಂದು ಖುಷಿಪಟ್ಟಿದ್ದೆ. ಒಂದು ದಿನ ಕಸ್ತೂರಿ ಊರಿಗೆ ಹೋಗಿದ್ದಳು, ರೇಣುಕಾ ಕೂದಲು ಹಾಗೇ ಗಂಟು ಕಟ್ಟಿಕೊಂಡು ಮೈದಾನಕ್ಕೆ ಬಂದಳು. ಈಚೆಗೆ ಆಕೆ ತಾನು ಎಸೆಯುವುದು ಬಿಟ್ಟು ಕಸ್ತೂರಿಗೇ ಚೆಂಡು ಕೊಡುತ್ತಿದ್ದುದೂ ನೆನಪಾಗಿ ನನಗೆ ಚುರುಕ್ಕೆಂದಿತು.

"ರೇಣುಕಾ, ಬಲಗೈ ತಲಿ ಮ್ಯಾಲ ಎತ್ತು ನೋಡೋಣ."

ಆಕೆ ಭುಜದವರೆಗೆ ಎತ್ತಿದಳು. ಮುಂದೆ ಹೋಗಲಿಲ್ಲ. ತುಟಿ ಕಚ್ಚಿ ಹಿಡಿದಿದ್ದಳು.

"ಎಷ್ಟು ದಿನದಿಂದ?"

"ದೀಪಾವಳಿ ಮುಂದಿನಿಂದ್ರಿ. ಮಂದಿಗೆ ಹೇಳಬ್ಯಾಡ್ರಿ ಮೇಡಂ."

ವಿಜಯಪುರದ ಡಾಕ್ಟರು ನೋಡಿ, ನಾಲ್ಕಾರು ಚೆಂಡು ಮೆತ್ತಗೆ ಎಸೆದರೆ ನಡೆದೀತು, ಪೂರ್ತಿ ಪಂದ್ಯ ಎಸೆದರೆ ಮುಂದೆ ಕೊಡ ಎತ್ತುವುದೂ ಕಷ್ಟವಾದೀತು ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಈ ವರ್ಷ ಕಸ್ತೂರಿಯೇ ಮೊದಲು ದಿಬ್ಬ ಹತ್ತಬೇಕಾಗುತ್ತದೆ ಎಂದು ನಾನು ಹೇಳಿದೆ. ಹೇಳದೆ ಬೇರೆ ದಾರಿ ಇರಲಿಲ್ಲ.

ಆಕೆ ಮುಖ ತಿರುಗಿಸದೆಯೇ ಮಾತಾಡಿದಳು. "ಪರೀಕ್ಷೆ ಮುಗದ್ರ ತಾಂಬಾಕ್ಕ ಹೋಗ್ತೇನ್ರಿ. ಅಲ್ಲಿ ಬೇಸ್‌ಬಾಲ್ ಯಾರ ಆಡ್ತಾರ್ರಿ? ಗೆಲ್ಲೂದು ಸೋಲೂದು ಬ್ಯಾರೆ ಮಾತು. ಒಂದ ಸಲ ಖರೇ ಪಂದ್ಯದಾಗ ಮೊದಲ ಚೆಂಡ ನಂದು ಇರಬೇಕು ಅಂತ ಇತ್ರಿ. ಅಷ್ಟ."

ನನ್ನ ಕಣ್ಣು ತುಂಬಿದವು. ನಾನು ಆ ಕಡೆಯ ಕಿಟಕಿ ನೋಡಿದೆ. ಮರುದಿನ ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬಂದವಳು ಆಕೆಯೇ. ಕಸ್ತೂರಿಯ ಬೆರಳುಗಳನ್ನು ಚೆಂಡಿನ ಹೊಲಿಗೆಯ ಮೇಲೆ ಒಂದೊಂದಾಗಿ ಕೂಡಿಸಿ, ಹೀಗೆ ಹಿಡಿದರೆ ಚೆಂಡು ಕೊನೆಗೆ ಕೆಳಕ್ಕೆ ಬೀಳುತ್ತದೆ, ಹೀಗೆ ಹಿಡಿದರೆ ನೆಟ್ಟಗೆ ಹೋಗುತ್ತದೆ ಎಂದು ತೋರಿಸುತ್ತಿದ್ದಳು. ಅಂಥ ಮನಸ್ಸು ನನಗಿದೆಯೇ ಎಂದು ಕೇಳಿಕೊಂಡರೆ ಇವತ್ತಿಗೂ ಉತ್ತರ ಹೇಳಲು ಧೈರ್ಯವಾಗುವುದಿಲ್ಲ.

ಹೋಳಿ ಹುಣ್ಣಿಮೆಗೆ ಮೊದಲು ಸಿಂದಗಿಯವರು ಅಭ್ಯಾಸದ ಪಂದ್ಯಕ್ಕೆ ಕರೆದರು. ಕಸ್ತೂರಿಯ ಕೈ ನೋಡಿ ಸಿಂದಗಿಯೇನು, ಸೋಲಾಪುರವೂ ಹೆದರಬೇಕು ಎನ್ನುವ ಠೇಂಕಾರದಲ್ಲಿ ಹೋದೆವು. ಆಕೆ ದಿಬ್ಬದ ಹತ್ತಿರ ಹೋಗಿ, ರೂಢಿಯಂತೆ ಬೂಟು ಕಳಚಿ ಬುಡದಲ್ಲಿಟ್ಟು ಹತ್ತಿದಳು. ಅಂಪೈರ್ ಓಡಿ ಬಂದರು. "ಬರಿಗಾಲಿಲೆ ಆಡಂಗಿಲ್ರಿ ಮೇಡಂ. ರೂಲ್ಸ್ ಐತಿ."

ಅದೇನು ದೊಡ್ಡ ಮಾತು ಎಂದು ನಾನೇ ಬೂಟು ಹಾಕಿಸಿದೆ. ಮೊದಲ ಚೆಂಡು ರೇಷ್ಮಾಳ ತಲೆಯ ಮೇಲೆ ಹಾರಿ ಕಂಪೌಂಡಿನಾಚೆ ಮೇಯುತ್ತಿದ್ದ ಎಮ್ಮೆಗೆ ಬಿತ್ತು. ಎರಡನೆಯದು ನೆಲಕ್ಕೆ. ಮೂರನೆಯದು ಬ್ಯಾಟಿನವಳ ಸೊಂಟಕ್ಕೆ. ಆ ಹುಡುಗಿ ಅಳುತ್ತ ಕೂತಳು, ಕಸ್ತೂರಿ ದಿಬ್ಬದ ಮೇಲೆ ನಿಂತು ಅವಳಿಗಿಂತ ಜೋರಾಗಿ ಅತ್ತಳು. "ಕುಣೀಲಾಕ ಬರಲಾರದಾಕಿಗೆ ನೆಲ ಡೊಂಕು" ಎಂದು ಗೋಡೆಯ ಮೇಲೆ ಕೂತ ಯಾರೋ ಅಂದರು. ರೇಣುಕಾ ಎದ್ದು ನಿಂತು "ನಾ ಹೋಗ್ತೇನ್ರಿ" ಎಂದಳು. ನಾನು ಅವಳ ತೋಳು ಹಿಡಿದು ಕೂಡಿಸಿದೆ. ಎಸೆಯಲು ಬಾರದವಳೊಬ್ಬಳನ್ನು ದಿಬ್ಬ ಹತ್ತಿಸಿ, ಸೋತು, ಗಾಡಿ ಹತ್ತಿದೆವು.

ಬರುವಾಗ ತಾಂಬಾಕ್ಕೆ ಹೊರಳಿ ರೇಣುಕಾಳ ಮನೆಯ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿದೆವು. ಕಸ್ತೂರಿ ಲೋಟ ಮುಟ್ಟಲಿಲ್ಲ.

"ಬೂಟಿನಾಗ ನೆಲಾನ ಗೊತ್ತಾಗವಲ್ದ್ರಿ ಮೇಡಂ. ನಮ್ಮ ಕಣದಾಗ ಹೆಬ್ಬಟ್ಟ ಊರಿದ್ರ ಸಾಕು, ಕೈ ತಾನ ಬರ್ತಿತ್ತು."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಷ್ಟು ದಿನ ಅಷ್ಟು ಮಂದಿ ಅಲ್ಲಿ ನಿಂತು, ಪಂದ್ಯದಲ್ಲಿ ಬೂಟು ಹಾಕಬೇಕಾಗುತ್ತದೆ ಎನ್ನುವುದು ಒಬ್ಬರಿಗೂ ಹೊಳೆದಿರಲಿಲ್ಲ. ರೂಲ್ಸ್ ಬಾಯಿಪಾಠ ಇದ್ದ ನನಗೂ ಹೊಳೆದಿರಲಿಲ್ಲ, ಏಕೆಂದರೆ ಅದು ನನಗೂ ಕಣವೇ ಆಗಿಬಿಟ್ಟಿತ್ತು. ಇನ್ನು ಉಳಿದದ್ದು ಒಂದೇ ದಾರಿ: ಯುಗಾದಿಯ ಒಳಗೆ ಕಸ್ತೂರಿ ನಮ್ಮ ದಿಬ್ಬದ ಮೇಲೆ ಬೂಟು ಹಾಕಿಕೊಂಡು ಎಸೆದು ರೂಢಿಯಾಗಬೇಕು.

"ಅಜ್ಜಾರಿಗೆ ಯಾರ ಹೇಳ್ತೀರಿ?" ಎಂದಳು ರೇಷ್ಮಾ. "ನಾ ಅಂತೂ ಹೇಳಂಗಿಲ್ಲ್ರಿ. ಬೇಕಾದ್ರ ಎರಡ ಗಡಗಿ ಮೊಸರ ಕೊಲ್ಹಾರದಿಂದ ತಂದ ಕೊಡ್ತೇನಿ, ಅದನ್ನ ಮುಂದ ಇಟ್ಟ ನೀವ ಹೇಳ್ರಿ."

ಮೊಸರಿಲ್ಲದೆಯೇ ಹೇಳಿದೆ. ಮಾವ ಸಂಜೆ ತುಳಸಿ ಕಟ್ಟೆಯ ಹತ್ತಿರ ಕೂತಿದ್ದರು. ಎಮ್ಮೆಯ ಕತೆ ಕೇಳಿ ನಕ್ಕರು, ಬೂಟಿನ ಮಾತು ಬಂದಾಗ ನಗು ನಿಂತಿತು.

"ಕಣಕ್ಕ ಬೂಟು ಹಾಕ್ಕೊಂಡು ಹತ್ತೂದು?"

"ಹೂಂ ಅಪ್ಪಾ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಶಲ್ಯ ಹೊದ್ದುಕೊಂಡು ಒಳಗೆ ಹೋದರು. ಮುಪ್ಪಿನಲ್ಲಿ ಒಂದು ಕಣ ಸಿಕ್ಕಿತ್ತು, ಅದನ್ನೂ ನಾನೇ ಕಸಿದೆ ಎನಿಸಿ ಆ ದಿನ ನನಗೆ ಅನ್ನ ಸೇರಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ಬಂದವರು ಅಡಿಗೆಮನೆಯ ಬಾಗಿಲಲ್ಲಿ ನಿಂತರು.

"ವಿದ್ಯಾ, ಕಣ ಅಂದ್ರ ಕಾಯಂ ಕಣ ಅಲ್ಲವಾ. ರಾಶಿ ಎತ್ತೂ ತನಕಾ ಕಣ. ಎತ್ತಿದ ಮ್ಯಾಲ ಅದು ನೆಲಾನ, ದನಾನೂ ಅಡ್ಡಾಡ್ತಾವ, ಮಂದೀನೂ ಅಡ್ಡಾಡ್ತಾರ. ಕಣ ಮಾಡಿದ್ವಿ, ರಾಶಿ ಮಾಡ್ಲಿಲ್ಲ. ಅದಕ್ಕ ತೊಡಕಾತು. ಹುಡುಗ್ಯಾರಿಗೆ ಮನಿಯಿಂದ ಒಂದೊಂದು ಬೊಗಸಿ ಜೋಳ ತರ್ಲಿಕ್ಕೆ ಹೇಳು."

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. "ರೊಟ್ಟಿ ಹೊತ್ತತದ, ಅಲ್ಲಿ ನೋಡು" ಎಂದು ಗದರಿದರು.

ಬೊಗಸೆ ಎಂದರೆ ನಮ್ಮ ಹುಡುಗಿಯರು ಬೊಗಸೆ ತರುವವರೇ? ಚೀಲ ಚೀಲ ಹೊತ್ತು ತಂದರು. ಹೊಲವಿಲ್ಲದ ರೇಷ್ಮಾ ಮೊಸರಿನ ಗಡಿಗೆಯ ಜೊತೆ ಪಕ್ಕದ ಮನೆಯಿಂದ ಜೋಳವನ್ನೂ ಕೇಳಿ ತಂದಿದ್ದಳು. ತಾಂಬಾದ ಜೋಳ, ಯಂಕಂಚಿಯ ಜೋಳ, ಕೊಲ್ಹಾರದ ಜೋಳ ದಿಬ್ಬದ ಮೇಲೆ ಒಂದೇ ರಾಶಿಯಾಗಿ ಬೆಳ್ಳಗೆ ಹೊಳೆಯಿತು. ಮಾವ ಸಗಣಿಯ ಬೆನಕನಿಗೆ ಗರಿಕೆ ಸಿಕ್ಕಿಸಿ, ಕುಂಕುಮ ಹಚ್ಚಿ, ಕಾಯಿ ಒಡೆದರು. ಆಮೇಲೆ ಹಿತ್ತಾಳೆಯ ಸೇರು ಹಿಡಿದುಕೊಂಡು ಸುತ್ತ ನೋಡಿದರು.

"ಮೊದಲನೇ ಸೇರು ಮನಿ ಹಿರೇ ಮಗಳು ಅಳೀಬೇಕು. ಯಾರವಾ ನಿಮ್ಮೊಳಗ ಹಿರಿಯಾಕಿ?"

ಅವರಿಗೆ ರೇಣುಕಾಳ ಭುಜದ ಸಂಗತಿ ಗೊತ್ತಿತ್ತೋ ಇಲ್ಲವೋ, ನಾನು ಹೇಳಿರಲಿಲ್ಲ. ಕಸ್ತೂರಿಯೇ ರೇಣುಕಾಳನ್ನು ಮುಂದಕ್ಕೆ ನೂಕಿದಳು. ರೇಣುಕಾ ಮೊಣಕಾಲೂರಿ ಬಲಗೈಯಿಂದಲೇ ಸೇರು ತುಂಬಿದಳು. ಬಗ್ಗಿ ಅಳೆಯಲು ಭುಜ ಎತ್ತಬೇಕಿರಲಿಲ್ಲ. ರಾಶಿ ಅಳೆಯುವಾಗ ಯಾರೂ ಮಾತಾಡುವುದಿಲ್ಲ, ರೇಷ್ಮಾ ಕೂಡ ಸುಮ್ಮನಿದ್ದಳು. ಜೋಳ ಚೀಲಕ್ಕೆ ಸುರಿದ ಸದ್ದಿನ ಮೇಲೆ ರೇಣುಕಾ ಸಣ್ಣ ದನಿಯಲ್ಲಿ "ಲಾಭ" ಎಂದಳು.

ನನ್ನ ತಲೆಯೊಳಗೆ ಅಷ್ಟು ದಿನದಿಂದ ಸಿಕ್ಕುಗಟ್ಟಿದ್ದು ಅಲ್ಲಿ ಬಿಚ್ಚಿತು. ಮೊದಲ ಸೇರು ಅಳೆದವಳು ಪೂರ್ತಿ ರಾಶಿ ಅಳೆಯಬೇಕೆಂದು ಯಾರು ಹೇಳಿದರು? ರೇಣುಕಾ ಎರಡನೆಯ ಸೇರಿಗೆ ಆಗಲೇ ಕಸ್ತೂರಿಯ ಕೈಗೆ ಸೇರು ಕೊಟ್ಟಿದ್ದಳು.

ಚೀಲಗಳೆಲ್ಲ ಕೆಳಗಿಳಿದ ಮೇಲೆ ಮಾವ ಗಿಡದ ಬುಡಕ್ಕೆ ಹೋಗಿ ತಮ್ಮ ಚರ್ಮದ ಚಪ್ಪಲಿ ಮೆಟ್ಟಿಕೊಂಡು ಬಂದರು. ದಿಬ್ಬದ ಅಂಚಿನಲ್ಲಿ ಒಂದು ಕ್ಷಣ ನಿಂತರು. ಆಮೇಲೆ ಚಪ್ಪಲಿ ಕಾಲಿನಲ್ಲೇ ಹತ್ತಿ, ಮೇಲೆ ಒಂದು ಸುತ್ತು ಹಾಕಿ, "ಹಂ, ಬರ್ರಿ" ಎಂದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ, ಸೆರಗು ಕಣ್ಣಿಗೆ ಒತ್ತಿಕೊಂಡಿದ್ದೆ.

ಮಧ್ಯಾಹ್ನ ಪಿಚರ್ ಇಬ್ಬರನ್ನೂ ಕ್ಯಾಚರನ್ನೂ ಕೂಡಿಸಿಕೊಂಡು ಹೇಳಿದೆ. ಬಾಗೇವಾಡಿಯಲ್ಲಿ ಮೊದಲ ಬ್ಯಾಟಿನವಳಿಗೆ ರೇಣುಕಾ ಎಸೆಯುತ್ತಾಳೆ, ಮೆತ್ತಗೆ. ಆಮೇಲೆ ಕಸ್ತೂರಿ.

"ನನ್ನ ಮ್ಯಾಲ ಕರುಣೆ ತೋರಸಾಕತ್ತೀರೇನ್ರಿ?" ಎಂದಳು ರೇಣುಕಾ, ನೇರವಾಗಿ.

ರೇಷ್ಮಾ ನಡುವೆ ಬಾಯಿ ಹಾಕಿದಳು. "ಏನ ಕರುಣೆವಾ? ನಿನ್ನ ಮೆತ್ತನ ಚೆಂಡ ನೋಡಿ ಅವರ ಕಣ್ಣ ನಿದ್ದಿ ಮಾಡ್ತಾವು. ಆಮ್ಯಾಲ ಇಕಿ ಚೆಂಡ ಬಂದ್ರ ಬ್ಯಾಟ್ ಎತ್ತಾಕೂ ಆಗಂಗಿಲ್ಲ. ಹಿಡಿಯಾಕಿ ನಾ, ನನಗ ಗೊತ್ತಿಲ್ಲೇನು?"

"ಅಕ್ಕ ಮೊದಲ ಹಾಕಲ್ರಿ" ಎಂದಳು ಕಸ್ತೂರಿ. "ಆಕಿ ಹಾಕಿದ ಮ್ಯಾಲ ನಂಗ ಅಂಜಿಕಿ ಬರಂಗಿಲ್ಲ."

ಉಳಿದ ದಿನಗಳು ಬಿಸಿಲಿನಲ್ಲಿ ಕಳೆದವು. ಕಸ್ತೂರಿ ಮಲಗುವಾಗಷ್ಟೇ ಬೂಟು ಬಿಚ್ಚುತ್ತಿದ್ದಳು. ಬೂಟಿನ ಮೊಳೆಗಳಿಗೆ ದಿಬ್ಬದ ಸಗಣಿಯ ಪದರು ಎದ್ದುಹೋಯಿತು, ಮಾವ ಒಂದು ದಿನವೂ ಅದರ ಮಾತೆತ್ತಲಿಲ್ಲ. ಬೇವಿನ ಹೂವು ಉದುರುವ ಗಿಡದ ಕೆಳಗೆ ಕೂತು ಲಾಭ, ಎರಡು, ಮೂರು ಎಂದು ಎಣಿಸುತ್ತಲೇ ಇದ್ದರು. ಮೊದಮೊದಲು ಚೆಂಡು ಆಕಾಶಕ್ಕೆ ಹೋಗುತ್ತಿತ್ತು, ಆಮೇಲೆ ಗೋಡೆಗೆ, ಕೊನೆಗೆ ರೇಷ್ಮಾಳ ಗ್ಲೌಸಿಗೆ.

ಬಾಗೇವಾಡಿಯಲ್ಲಿ ನಮ್ಮ ಎದುರು ಬಂದದ್ದು ಮುದ್ದೇಬಿಹಾಳ. ಮಾವ ಹಟ ಹಿಡಿದು ನಮ್ಮ ಜೊತೆ ಬಂದಿದ್ದರು, ಕಪ್ಪು ಕೊಡೆ ಬಿಚ್ಚಿಕೊಂಡು ಗೆರೆಯ ಹೊರಗೆ ಕೂತಿದ್ದರು. ರೇಣುಕಾ ದಿಬ್ಬದ ಹತ್ತಿರ ಹೋದಳು. ಬಗ್ಗಿ ಬೂಟಿನ ಲೇಸು ಬಿಗಿ ಮಾಡಿಕೊಂಡಳು, ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು ಹತ್ತಿದಳು. ಅಂದು ಅವಳ ಜಡೆಯನ್ನು ಕಸ್ತೂರಿ ಅಬ್ಬಲಿ ಹೂ ಮುಡಿಸಿ ಹಾಕಿದ್ದಳು. ಅಂಪೈರ್ ಕೈ ತೋರಿಸಿದರು. ರೇಣುಕಾ ತೋಳನ್ನು ಪೂರ್ತಿ ಎತ್ತದೆ, ಮಗುವಿಗೆ ಹಣ್ಣು ಕೊಡುವ ಹಾಗೆ ಚೆಂಡನ್ನು ಬಿಟ್ಟಳು. ಬ್ಯಾಟಿನವಳು ಆತುರದಲ್ಲಿ ಮೊದಲೇ ಬೀಸಿದಳು, ಬ್ಯಾಟು ಗಾಳಿಗೆ ಹೋಯಿತು. ಚೆಂಡು ನಿಧಾನವಾಗಿ ಬಂದು ರೇಷ್ಮಾಳ ಗ್ಲೌಸಿನಲ್ಲಿ ಕೂತಿತು.

"ಲಾಭ!" ಎಂದು ಮಾವ ಕೊಡೆಯ ಕೆಳಗಿಂದ ಕೂಗಿದರು. ಇಡೀ ಮೈದಾನ ತಿರುಗಿ ನೋಡಿತು.

ರೇಣುಕಾ ಅಲ್ಲಿಂದಲೇ ಅವರ ಕಡೆ ನೋಡಿ ನಕ್ಕಳು. ಆ ನಗು ನೋಡಿದ ಮೇಲೆ ನನಗೆ ಆ ಪಂದ್ಯದಿಂದ ಬೇರೇನೂ ಬೇಕಿರಲಿಲ್ಲ. ಆ ಬ್ಯಾಟಿನವಳನ್ನು ಔಟ್ ಮಾಡಿ, ತಾನೇ ನಡೆದು ಬಂದು, ಚೆಂಡನ್ನು ಕಸ್ತೂರಿಯ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಚಿದಳು. ಬೆಂಚಿಗೆ ಬಂದು ನನ್ನ ಪಕ್ಕದಲ್ಲಿ ಕೂತು, "ಬೆಂಚಿನ ತಗ್ಗ ಎಲ್ಲಿ ಹೋದ್ರೂ ನನ್ನ ಬಿಡಂಗಿಲ್ರಿ" ಎಂದಳು. ಅಂದು ನಾವು ಗೆದ್ದೆವು. ಮರುದಿನ ಸಿಂದಗಿಗೆ ಸೋತೆವು. ಬರುವಾಗ ಗಾಡಿಯಲ್ಲಿ ಯಾರೂ ಅಳಲಿಲ್ಲ.

ಇಷ್ಟೂ ನೆನಪಾಗುವುದರೊಳಗೆ ನನ್ನ ಚಹಾ ಆರಿತ್ತು. ಗಾಡಿ ಹತ್ತಿ ಇಂಡಿಗೆ ಬಂದೆವು. ನನಗೆ ಮುದ್ದೇಬಿಹಾಳಕ್ಕೆ ವರ್ಗವಾದ ವರ್ಷವೇ ಮಾವ ತೀರಿಕೊಂಡರು. ರೇಣುಕಾಳ ಭುಜ ನೆಟ್ಟಗಾಗಿ, ಈಗ ಆಕೆ ತನ್ನ ಜಡೆಯ ಜೊತೆ ಮಗಳ ಜಡೆಯನ್ನೂ ತಾನೇ ಹಾಕುತ್ತಾಳೆ. ಕಸ್ತೂರಿ ಯಾದಗಿರಿಯ ಕಡೆ ನನ್ನ ಹಾಗೇ ಸೀಟಿ ಊದುವ ಕೆಲಸದಲ್ಲಿದ್ದಾಳೆ. ಇಂಡಿ ಕಾಲೇಜಿನ ಆ ಮೈದಾನಕ್ಕೆ ವರ್ಗವಾದ ಮೇಲೆ ನಾನು ಹೋಗಿರಲಿಲ್ಲ. ದಿಬ್ಬ ಅಲ್ಲೇ ಇತ್ತು, ಸವೆದು ಸ್ವಲ್ಪ ತಗ್ಗಾಗಿತ್ತು. ಬೇವಿನ ಗಿಡದ ಕೆಳಗೆ ಕುರ್ಚಿ ಇರಲಿಲ್ಲ. ನನ್ನ ಮುಖ ನೋಡಿದರೆ ಗುರುತು ಹಿಡಿಯುವವರು ಆ ತಂಡದಲ್ಲಿ ಒಬ್ಬರೂ ಇರಲಿಲ್ಲ.

ಪಂದ್ಯಕ್ಕೆ ಮೊದಲು ಇಂಡಿಯ ಪಿಚರ್ ಕೈ ಸಡಿಲ ಮಾಡಿಕೊಳ್ಳಲು ದಿಬ್ಬ ಹತ್ತಿದಳು, ಕಾಲಲ್ಲಿ ಬೂಟು. ಮೊದಲ ಚೆಂಡು ಎಸೆದಳು. ಹಿಡಿದವಳು ಗಟ್ಟಿಯಾಗಿ ಎಣಿಸಿದಳು: "ಲಾಭ."

ನಾನು ನಿಂತಲ್ಲೇ ನಿಂತೆ. "ಎರಡು... ಮೂರು..."

ಹತ್ತಿರ ಹೋಗಿ ಕೇಳಿದೆ. "ಯಾಕವಾ, ಒಂದು ಅನ್ನೂದಿಲ್ಲೇನು?"

"ಗೊತ್ತಿಲ್ರಿ ಮೇಡಂ. ನಮ್ಮ ಸೀನಿಯರ್ ಹಂಗ ಎಣಸ್ತಿದ್ರು. ಅವರ ಸೀನಿಯರೂ ಹಂಗ ಅಂತ್ರಿ."

ಬಂದು ನನ್ನ ಹುಡುಗಿಯರ ಸಾಲಿನಲ್ಲಿ ಕೂತೆ. ಪಂದ್ಯ ಶುರುವಾಯಿತು. ಇಂಡಿಯವಳು ಮೊದಲ ಚೆಂಡು ಎಸೆದಳು. ನಮ್ಮವಳು ಬೀಸಿದ ಬ್ಯಾಟು ಗಾಳಿಗೆ ಹೋಯಿತು. ನನ್ನ ಬಾಯಿಂದ, ನನಗೇ ಗೊತ್ತಾಗದೆ, ಜೋರಾಗಿ ಬಂತು.

"ಲಾಭ!"

ನನ್ನ ಹುಡುಗಿಯರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. "ಮೇಡಂ! ನೀವು ಯಾರ ಕಡೀರಿ?"

ಕಣ್ಣು ಒರೆಸಿಕೊಂಡೆ. "ಎರಡನೇ ಚೆಂಡಿನಿಂದ ನಿಮ್ಮ ಕಡೀನ ಅವಾ" ಎಂದೆ.